ಯಜಮಾನರಿಗೆ ಬಂದ ಕಾಗದ

1997ನೇ ಇಸವಿ ನವೆಂಬರ್ ಹದಿನೇಳು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹೊಳೆಬಾಗಿಲು ಪೊಲೀಸ್ ಠಾಣೆಗೆ ಬಂದ ದೂರು ಒಂದೇ ಸಾಲಿನದು. ಅರಕೆರೆಯ ದಿಲೀಪ ಎಂಬುವನ ಹೆಂಡತಿ ಪ್ರಮೀಳಾ, ವಯಸ್ಸು ಇಪ್ಪತ್ತೆರಡು, ಹಿಂದಿನ ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದವಳು ಮನೆಗೆ ಹಿಂತಿರುಗಿಲ್ಲ.

ದೂರು ಬರೆದುಕೊಂಡವರು ಹೆಡ್ ಕಾನ್‌ಸ್ಟೇಬಲ್ ತಮ್ಮಯ್ಯ, ಠಾಣೆಯ ರೈಟರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅರ್ಧಕ್ಕರ್ಧವನ್ನು ಆ ಮೇಜಿನ ಮುಂದೆಯೇ ಸವೆಸಿದವರು. ಸಬ್ ಇನ್‌ಸ್ಪೆಕ್ಟರುಗಳು ಬರುತ್ತಾರೆ, ಹೋಗುತ್ತಾರೆ, ಠಾಣೆ ನಡೆಯುವುದು ತನ್ನ ಕೈಬರಹದಿಂದ ಎಂಬ ಸಣ್ಣ ಜಂಬ ಅವರಿಗಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ.

"ಮನೇಲಿ ಜಗಳ ಆಗಿತ್ತಾ?"

"ಇಲ್ಲ ಸಾ."

"ಯಾರಾದ್ರೂ ಏನಾದ್ರೂ ಅಂದಿದ್ರಾ?"

"ಇಲ್ಲ ಸಾ."

"ಹಾಲಿನ ಕ್ಯಾನು ಎಲ್ಲಯ್ಯ?"

"ಡೈರಿ ಕಟ್ಟೆ ಮ್ಯಾಲೇ ಮಡಗಿ ಓಗವ್ಳೆ."

ಜಗಳವಿಲ್ಲ, ಮಾತಿಲ್ಲ, ಹಾಲು ಹಾಕಿದ ಮೇಲೆ ಖಾಲಿ ಕ್ಯಾನು ಬಿಟ್ಟು ಹೋಗಿದ್ದಾಳೆ. ಇದರಲ್ಲಿ ಏನೋ ಮುಚ್ಚಿಟ್ಟಿದ್ದಾನೆ ಎಂದು ತಮ್ಮಯ್ಯನವರಿಗೆ ಆಗಲೇ ಅನ್ನಿಸಿತು. ದಿಲೀಪ ಎಡಗೈಯಲ್ಲಿ ರುಜು ಹಾಕಿದ. ಅವನ ವಾಚು ಬಲಗೈಯಲ್ಲಿತ್ತು. ಹೆಂಗಸು ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡೂಕಾಲಿಗೆ ಎಸ್.ಐ. ನಾಗರಾಜು ಜೀಪು ತೆಗೆಸಿದರು. ವಯಸ್ಸು ಮೂವತ್ತು ದಾಟಿಲ್ಲ, ಠಾಣೆಗೆ ಬಂದು ನಾಲ್ಕು ತಿಂಗಳು. ತಮ್ಮಯ್ಯನವರನ್ನು ಅವರು ಹೋದಲ್ಲೆಲ್ಲ ಕರೆದೊಯ್ಯುತ್ತಿದ್ದರು.

ಅರಕೆರೆಯಲ್ಲಿ ದಿಲೀಪನ ಅಪ್ಪ ರಂಗಸ್ವಾಮಿ ನಾಲೆ ನೀರಿನ ಗದ್ದೆ ಮಾಡಿಕೊಂಡಿದ್ದವರು, ಊರಿನ ಪಂಚಾಯ್ತಿಕೆಗೆ ಕೂರುವವರು. ಮನೆಯಲ್ಲಿ ಒಂಬತ್ತು ಜನ. ಎಲ್ಲರೂ ಮಲಗುವುದು ಒಂದೇ ನಡುಮನೆಯಲ್ಲಿ. ಅದರ ಒಂದು ಮೂಲೆಗೆ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿತ್ತು. ಮದುವೆಯಾಗಿ ಎರಡು ವರ್ಷದಿಂದ ದಿಲೀಪ ಪ್ರಮೀಳೆಯರ ಕೋಣೆ ಎಂದರೆ ಆ ಸೀರೆಯ ಆಚೆಗಿನ ಜಾಗ.

ರಂಗಸ್ವಾಮಿ ಹೆಂಗಸರನ್ನೆಲ್ಲ ಒಳಗೆ ಕಳಿಸಿ, ಟ್ರಂಕಿನಿಂದ ಒಂದು ಲಕೋಟೆ ತೆಗೆದುಕೊಟ್ಟರು. ಪಾಂಡವಪುರದ ಅಂಚೆ ಮುದ್ರೆ, ತಾರೀಖು ಹದಿನಾಲ್ಕು. ಮೇಲೆ ದುಂಡಗಿನ ಅಕ್ಷರದಲ್ಲಿ ವಿಳಾಸ: 'ಶ್ರೀಮತಿ ಪ್ರಮೀಳಾ ಅವರ ಯಜಮಾನರಿಗೆ, ಅರಕೆರೆ.' ಊರಿಗೆಲ್ಲ ಯಜಮಾನರು ಎಂದರೆ ರಂಗಸ್ವಾಮಿ. ಶನಿವಾರ ಅಂಚೆಯವನು ಜಗಲಿಯ ಮೇಲೆ ಕೂತಿದ್ದ ಅವರ ಕೈಗೇ ಕೊಟ್ಟು ಹೋಗಿದ್ದ.

ಒಳಗಿದ್ದದ್ದು ಪೋಸ್ಟ್‌ಕಾರ್ಡಿನಷ್ಟಗಲದ ಕಪ್ಪು ಬಿಳುಪು ಫೋಟೋ. ಯಾವುದೋ ಬಾಲ್ಕನಿ. ಪ್ರಮೀಳಾ ನೈಟಿ ತೊಟ್ಟು, ಕೂದಲು ಬಿಚ್ಚಿ, ಕುರ್ಚಿಗೆ ಒರಗಿ ನಗುತ್ತಿದ್ದಾಳೆ. ಅವಳ ಎರಡೂ ಕಾಲು ಒಬ್ಬ ಗಂಡಸಿನ ತೊಡೆಯ ಮೇಲಿವೆ. ಪಕ್ಕದ ಹಲಗೆಯ ಗೋಡೆ ಅಡ್ಡ ಬಂದು ಆ ಗಂಡಸಿನ ಮುಖ ಕಾಣುವುದಿಲ್ಲ. ಕಾಣುವುದು ಎರಡು ಕೈ ಮಾತ್ರ. ಒಂದು ಅವಳ ಹಿಮ್ಮಡಿ ಹಿಡಿದಿದೆ, ಇನ್ನೊಂದು ಏನನ್ನೋ ತಿಕ್ಕುತ್ತಿದೆ. ಜೊತೆಗೊಂದು ಚೀಟಿ. 'ನಿಮ್ಮ ಮನೆಯವರು ಆಚೆ ದಡಕ್ಕೆ ಹೀಗೆ ಕಾಣುತ್ತಾರೆ. ಮರೆ ಇದೆಯೆಂದು ನಂಬಬೇಡಿ. ಗೊತ್ತಿದ್ದವರಿಗೂ ಹೇಳಿ.' ಕೆಳಗೆ ಹೆಸರಿಲ್ಲ.

ರಂಗಸ್ವಾಮಿ ಹೇಳಿದ್ದು ಇಷ್ಟು. ಮದುವೆಯಾದಮೇಲೆ ಸೊಸೆ ಒಂದೇ ರಾತ್ರಿ ಹೊರಗೆ ಉಳಿದದ್ದು, ಈ ತಿಂಗಳ ಎರಡನೇ ಶನಿವಾರ. ಅಕ್ಕಿಹೆಬ್ಬಾಳಿನ ಅಜ್ಜಿಯನ್ನು ನೋಡಿ ಬರುತ್ತೇನೆಂದು ಹೋಗಿದ್ದಳು. ಮಗ ಆಗ ತಾನು ಲೆಕ್ಕ ಬರೆಯುವ ಸೊಸೈಟಿಯ ಆಡಿಟ್ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ. ಫೋಟೋ ಬಂದ ಸಂಜೆ ಎಲ್ಲರ ಮುಂದೆ ಅದನ್ನು ಅವಳ ಮುಂದಿಟ್ಟು ಈ ಕೈ ಯಾರದೆಂದು ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಎದ್ದು ಹಾಲು ಕರೆದು, ಕ್ಯಾನು ಹಿಡಿದು ಹೋದವಳು ಹೋದಳು.

"ನಂಗೆ ಅವ್ಳು ಬ್ಯಾಡ. ಆ ಕೈಯೋನು ಯಾವನು ಅಂತ ಹುಡುಕ್ಕೊಡಿ ಸಾಕು," ಅಂದರು ರಂಗಸ್ವಾಮಿ.

ತಮ್ಮಯ್ಯ ಫೋಟೋವನ್ನು ಇನ್ನೊಮ್ಮೆ ನೋಡಿದರು. ಹಿಮ್ಮಡಿ ಹಿಡಿದಿದ್ದ ಬಲಗೈಯಲ್ಲಿ ವಾಚಿತ್ತು. ತಲೆಯೆತ್ತಿದರೆ, ಕಂಬಕ್ಕೆ ಒರಗಿ ನಿಂತಿದ್ದ ದಿಲೀಪ ಶರ್ಟಿನ ತುಂಬು ತೋಳನ್ನು ವಾಚು ಮುಚ್ಚುವಂತೆ ಕೆಳಕ್ಕೆ ಎಳೆದುಕೊಳ್ಳುತ್ತಿದ್ದ. ತಮ್ಮಯ್ಯ ಫೋಟೋವನ್ನು ಲಕೋಟೆಗೆ ಹಾಕಿದರು. ಜೀಪಿನಲ್ಲಿ ಒಂದು ರುಜು ಹಾಕಬೇಕು ಬಾ ಎಂದು ಅವನನ್ನು ಹುಲ್ಲಿನ ಮೆದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಎಸ್.ಐ. ಕೂಡ ಬಂದರು.

ಎರಡೇ ಪ್ರಶ್ನೆಗೆ ಅವನು ಒಡೆದುಹೋದ. ಆಡಿಟ್ಟು ಸುಳ್ಳು, ಅಜ್ಜಿ ಮನೆಯೂ ಸುಳ್ಳು. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಬಾಬುರಾಯನಕೊಪ್ಪಲಿನ ಹೊಳೆಯ ಕಡೆಗಿರುವ ಹಡಗಿನ ಲಾಡ್ಜಿಗೆ ಹೋಗಿದ್ದರು. ಎರಡು ವರ್ಷದಲ್ಲಿ ಒಂದು ದಿನ ಯಾರ ಕೆಮ್ಮೂ ಕೇಳದಂತೆ ಕೂತು ಮಾತಾಡಬೇಕು ಎನ್ನುವುದು ಅವಳ ಆಸೆಯಾಗಿತ್ತಂತೆ.

"ಕಾಲ್ಗೆ ಅರಳೆಣ್ಣೆ ಅಚ್ಚತಿದ್ದೆ ಸಾ. ಗದ್ದೇಲಿ ನಿಂತೂ ನಿಂತೂ ಇಮ್ಡಿ ಒಡ್ದೋಗಿದ್ವು."

"ನಿಮ್ಮಪ್ಪ ಕೇಳ್ದಾಗ ನಿನ್ ಬಾಯ್ಗೇನ್ ಆಗಿತ್ಲಾ?" ಅಂದರು ತಮ್ಮಯ್ಯ.

ಅವಳು ಅಪ್ಪನ ಕಡೆ ನೋಡಲಿಲ್ಲ, ತನ್ನ ಕಡೆ ನೋಡುತ್ತಿದ್ದಳು ಎಂದ ಅವನು. ಸುಳ್ಳು ಹೇಳಿ ಲಾಡ್ಜಿಗೆ ಹೋಗಿದ್ದು, ಹೆಂಡತಿಯ ಕಾಲು ತೊಡೆಯ ಮೇಲಿಟ್ಟುಕೊಂಡಿದ್ದು, ಇದನ್ನೆಲ್ಲ ಅಪ್ಪನ ಎದುರು, ಅಣ್ಣಂದಿರ ಎದುರು ಹೇಗೆ ಹೇಳಲಿ ಎಂದು ನೆಲ ನೋಡಿದನಂತೆ. ಈಗಲೂ ಅಪ್ಪನಿಗೆ ಹೇಳಬೇಡಿ ಎಂದು ಕೈ ಮುಗಿದ. ಎಸ್.ಐ.ಗೆ ರೇಗಿ ಕೈ ಎತ್ತಿದವರು ಇಳಿಸಿದರು. ಅವನಿಗೆ ಹೊಡೆಯುವುದಕ್ಕಿಂತ ಅವಳನ್ನು ಹುಡುಕುವುದು ಮುಖ್ಯವಾಗಿತ್ತು.

ಪಾಂಡವಪುರ, ಕೆ.ಆರ್. ಪೇಟೆ ಠಾಣೆಗಳಿಗೆ ವೈರ್‌ಲೆಸ್ ಹೋಯಿತು. ಹದಿನೆಂಟರಂದು ಇಡೀ ದಿನ ತಮ್ಮಯ್ಯ ಇಬ್ಬರು ಪೇದೆಗಳೊಂದಿಗೆ ನಾಲೆಯ ಏರಿಯ ಮೇಲೆ ನಡೆದರು. ನೀರಿಗೆ ಬಾಗಿದ ಪೊದೆಗಳಲ್ಲಿ ಬಟ್ಟೆ ಚೂರು ಕಂಡಾಗಲೆಲ್ಲ ತಾವೇ ಇಳಿದು ಕೋಲಿನಿಂದ ಎತ್ತಿ ನೋಡುತ್ತಿದ್ದರು. ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಚಿಕ್ಕಬೋರಮ್ಮ ಎಂಬಾಕೆ, ಈ ವಾರ ಏನೂ ತೇಲಿ ಬಂದಿಲ್ಲ ಕಣಪ್ಪ, ದೇವರಿದ್ದಾನೆ ಎಂದಳು. ಪೊಲೀಸರಿಗೆ ಅದು ಒಂದು ಹೇಳಿಕೆ. ತಮ್ಮಯ್ಯ ಅದನ್ನು ಹರಕೆಯ ಹಾಗೆ ಕೇಳಿಸಿಕೊಂಡರು.

ಅಕ್ಕಿಹೆಬ್ಬಾಳಿನ ಅಜ್ಜಿ ಮಂಗಳಮ್ಮ, ಮೊಮ್ಮಗಳು ಬಂದಿಲ್ಲವೆಂದು ದಿಲೀಪನಿಗೆ ಫೋನಿನಲ್ಲಿ ಹೇಳಿಯಾಗಿತ್ತು. ಆದರೂ ಹತ್ತೊಂಬತ್ತರ ಬೆಳಿಗ್ಗೆ ಒಂಬತ್ತೂವರೆಗೆ ತಮ್ಮಯ್ಯ, ಮಹಿಳಾ ಪೇದೆ ಮಂಚಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಮುದುಕಿ ಜಗಲಿಯ ಮೇಲೆ ರಾಗಿ ಕೇರುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಮೊರ, ಅದರಲ್ಲೂ ಅರ್ಧ ಕೇರಿದ ರಾಗಿ. ತಮ್ಮಯ್ಯ ಟೋಪಿ ತೆಗೆದು ನೀರು ಕೇಳಿ ಕುಡಿದರು.

"ಅವ್ವಾ, ನೆನ್ನೆಯಿಂದ ನಾಲೆ ಉದ್ದಕ್ಕೂ ಹೆಣ ಹುಡುಕ್ತಾವ್ನಿ. ಇಲ್ಲಿಲ್ಲ ಅಂದ್ರೆ ಇವತ್ತೂ ಹುಡುಕ್ಬೇಕು."

ಮುದುಕಿ ಮೊರ ಕೆಳಗಿಟ್ಟು ಬಾಗಿಲ ಕಡೆ ನೋಡಿತು. ಒಳಗಿನಿಂದ ಪ್ರಮೀಳಾ ತಾನೇ ಬಂದು ಬಾಗಿಲಲ್ಲಿ ನಿಂತಳು. ತಮ್ಮಯ್ಯನವರಿಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಟೋಪಿ ಒರೆಸಿಕೊಂಡರು.

ಅವಳು ಮೊದಲು ಕೇಳಿದ ಪ್ರಶ್ನೆಗೆ ಯಾವ ಠಾಣೆಯಲ್ಲೂ ತಯಾರಿ ಇರುವುದಿಲ್ಲ.

"ಆ ಪಟ ಎಸ್ಟು ಜನ ನೋಡವ್ರೆ ಸಾ?"

ಅವಳನ್ನು ಬಿಟ್ಟು ಮನೆಯ ಎಂಟು ಜನ. ಎಸ್.ಐ., ತಾನು, ಜೀಪಿನಲ್ಲಿ ಬಗ್ಗಿ ನೋಡಿದ ಡ್ರೈವರು, ಠಾಣೆಯಲ್ಲಿ ಕೈ ಬದಲಾಯಿಸಿದ ಪೇದೆಗಳು. ಮುಂದೆ ಕೋರ್ಟಿನಲ್ಲಿ ವಕೀಲರು, ಗುಮಾಸ್ತರು. ತಮ್ಮಯ್ಯ ಮನಸ್ಸಿನಲ್ಲೇ ಎಣಿಸಿ, ಯಾರೂ ಅಷ್ಟಾಗಿ ನೋಡಿಲ್ಲ ಕಣವ್ವ ಅಂದರು. ಅವಳು ನಂಬಲಿಲ್ಲ.

ಮಂಚಮ್ಮ ಕೇಳಿದಳು: "ನಿಮ್ಮೋರೇ ಅಂತ ಒಂದ್ ಮಾತು ಯೋಳ್ಬೋದಿತ್ತಲ್ಲವ್ವ?"

"ಅವ್ರು ಯೋಳ್ತಾರೆ ಅಂತ ಕಾಯ್ತಾ ನಿಂತಿದ್ದೆ ಕನಕ್ಕ. ನಾನ್ ಯೋಳಿ, ಅವ್ರು ಇಲ್ಲ ಅಂದ್ಬುಟ್ಟಿದ್ರೆ? ಅದ್ನ ಕೇಳುಸ್ಕೊಂಡು ಎಂಗ್ ಬದುಕ್ಲಿ?"

ವಿಳಾಸ ಯಾರಿಗಾದರೂ ಕೊಟ್ಟಿದ್ದಳೇ ಎಂದು ತಮ್ಮಯ್ಯ ವಿಚಾರಿಸಿದರು. ಲಾಡ್ಜಿನ ಮುಂದೆ ಹಡಗಿನದೊಂದು ದೊಡ್ಡ ಚುಕ್ಕಾಣಿ ಚಕ್ರ ನಿಲ್ಲಿಸಿದ್ದಾರೆ, ಜೋಡಿಯಾಗಿ ಅದನ್ನು ಹಿಡಿದು ನಿಂತರೆ ಫೋಟೋದವನೊಬ್ಬ ತೆಗೆದು ಮನೆಗೆ ಅಂಚೆಯಲ್ಲಿ ಕಳಿಸುತ್ತಾನೆ. ಮದುವೆಯ ಗುಂಪು ಫೋಟೋ ಬಿಟ್ಟರೆ ಅವರಿಬ್ಬರದೇ ಎಂಬ ಫೋಟೋ ಇರಲಿಲ್ಲ. ದಿಲೀಪ ಬಸ್ಸಿನ ಟೈಮು ಕೇಳಲು ಹೋಗಿದ್ದಾಗ ಅವಳು ಹೆಸರು, ಊರು ಬರೆಸಿದಳು. ಯಜಮಾನರ ಹೆಸರೇನು ಎಂದು ಫೋಟೋದವನು ಕೇಳಿದ. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ? ಅವಳು ನಕ್ಕು ಸುಮ್ಮನಾದಳು. ಫೋಟೋದವನೂ ಒತ್ತಾಯ ಮಾಡದೆ ಪುಸ್ತಕ ಮುಚ್ಚಿಕೊಂಡ.

ಅದೇ ಮಧ್ಯಾಹ್ನ ಒಂದು ಗಂಟೆಗೆ ಎಸ್.ಐ. ಮತ್ತು ತಮ್ಮಯ್ಯ ಲಾಡ್ಜಿಗೆ ಹೋದರು. ಮೂರಂತಸ್ತಿನ ಬಿಳಿ ಕಟ್ಟಡ, ಮೂತಿ ಚೂಪಾಗಿ ಹೊಳೆಯ ಕಡೆಗೆ. ಮಾಲೀಕ ಕಿಶನ್ ಎಂಟು ವರ್ಷ ಪರದೇಶದ ಪ್ರವಾಸಿ ಹಡಗಿನಲ್ಲಿ ಕ್ಯಾಬಿನ್ನು ಗುಡಿಸಿ ಹಾಸಿಗೆ ಹಾಸಿದವನು. ಅಲ್ಲಿ ಕಂಡದ್ದನ್ನೇ ಇಲ್ಲಿ ಕಟ್ಟಿಸಿದ್ದ. ರೂಮಿಗೆ ಕ್ಯಾಬಿನ್ ಎಂದೇ ಹೆಸರು, ಪ್ರತಿ ಕ್ಯಾಬಿನ್ನಿಗೂ ಹೊಳೆಯ ಕಡೆಗೊಂದು ಬಾಲ್ಕನಿ. ಒಂದು ಬಾಲ್ಕನಿಗೂ ಪಕ್ಕದ್ದಕ್ಕೂ ನಡುವೆ ಗೋಡೆಯಿಲ್ಲ, ಅಗುಳಿ ಹಾಕಿದ ಹಲಗೆಯ ಬಾಗಿಲು.

"ಹಡಗಲ್ಲೂ ಹಿಂಗೇ ಸಾರ್. ದೊಡ್ಡ ಫ್ಯಾಮಿಲಿ ಬಂದರೆ ಅಗುಳಿ ತೆಗೆದುಬಿಟ್ಟರೆ ಎರಡು ಬಾಲ್ಕನಿ ಒಂದಾಗುತ್ತೆ."

"ಹುಡುಗರು ತೆಗೆದದ್ದನ್ನು ಹಾಕೋದು ಮರೆತರೆ?" ಎಂದು ಕೇಳಿದರು ಎಸ್.ಐ.

ಕಿಶನ್ ಅದಕ್ಕೆ ನಕ್ಕ. ಹಡಗಿನಲ್ಲಿ ಜನ ಬಾಲ್ಕನಿಯಲ್ಲಿ ಹೇಗೆ ಬೇಕಾದರೂ ಇರುತ್ತಿದ್ದರು, ಎದುರಿಗೆ ಬರೀ ಸಮುದ್ರ, ನೋಡುವವರು ಯಾರು ಎಂದ. ಬಂದರು ಹತ್ತಿರವಾದದ್ದು ಗೊತ್ತಾಗದೆ ಕೂತವರನ್ನು ಮಾತ್ರ ದಡದವರೆಲ್ಲ ನೋಡುತ್ತಿದ್ದರಂತೆ. ಅದನ್ನವನು ತಮಾಷೆಯೆಂದೇ ಹೇಳಿದ. ಎಸ್.ಐ. ಬಾಲ್ಕನಿಯಲ್ಲಿ ನಿಂತು ಎದುರು ನೋಡಿದರು. ಇದು ಸಮುದ್ರವಲ್ಲ, ಹೊಳೆ. ಕಲ್ಲೆಸೆದರೆ ಮುಟ್ಟುವಷ್ಟು ದೂರದಲ್ಲಿ ಆಚೆ ದಡ, ಬಿದಿರು ಮೆಳೆ.

ಮೂರೂಕಾಲಿಗೆ ಆ ಮೆಳೆಯ ಬುಡದಲ್ಲಿ ಪಂಚನಾಮೆ ನಡೆಯಿತು. ಕೂತು ಕೂತು ನುಣುಪಾದ ನೆಲ, ಎರಡು ಖಾಲಿ ರೀಲಿನ ಡಬ್ಬಿ. ಕಪ್ಪು ಬಿಳುಪು ರೀಲು ಹಾಕಿ ತಾನೇ ತೊಳೆಯುವ ಸ್ಟುಡಿಯೋದವರು ಆ ಕಾಲಕ್ಕೆ ಸುತ್ತಮುತ್ತ ಮೂರೋ ನಾಲ್ಕೋ ಜನ. ಚುಕ್ಕಾಣಿಯ ಹತ್ತಿರ ಫೋಟೋ ತೆಗೆಯುವವನ ಹೆಸರನ್ನು ಕಿಶನ್ ಹೇಳಿದ. ಪಾಂಡವಪುರದ ಚಲುವಯ್ಯ. ಸಾಧು ಮನುಷ್ಯ, ಎರಡು ವರ್ಷದಿಂದ ಯಾಕೋ ಮಾತು ಕಡಿಮೆ.

ಎರಡು ವರ್ಷದ ಹಿಂದೆ ಆ ಹೆಸರಿನ ಅರ್ಜಿಯೊಂದನ್ನು ತಾವೇ ನೋಡಿದ ನೆನಪು ತಮ್ಮಯ್ಯನವರನ್ನು ಬಿಡಲಿಲ್ಲ. ಐದು ಗಂಟೆಗೆ ಠಾಣೆಗೆ ಬಂದವರೇ 1995ರ ಅರ್ಜಿಗಳ ಕಟ್ಟು ಬಿಚ್ಚಿದರು. ಆಗಸ್ಟ್ ತಿಂಗಳಿನಲ್ಲಿ ಅದು ಸಿಕ್ಕಿತು. ದುಂಡಗಿನ ಅಕ್ಷರ. ಮಗಳು ಅಳಿಯ ಹಡಗಿನ ಲಾಡ್ಜಿನಲ್ಲಿ ತಂಗಿದ್ದಾಗ ಪಕ್ಕದ ಕ್ಯಾಬಿನ್ನಿನವರು ಹಲಗೆಯ ಬಾಗಿಲು ತೆಗೆದು ನೋಡಿದ್ದಾರೆ, ಅವರನ್ನು ಕರೆಸಿ ವಿಚಾರಿಸಬೇಕು, ಅಗುಳಿಯ ಜಾಗಕ್ಕೆ ಗೋಡೆ ಕಟ್ಟಿಸಬೇಕು ಎಂದು ಚಲುವಯ್ಯ ಬೇಡಿಕೊಂಡಿದ್ದ. ಕೆಳಗೆ ತಮ್ಮಯ್ಯನವರದೇ ಕೈಬರಹ: 'ಯಾವುದೇ ಅಪರಾಧ ಕಂಡುಬರುವುದಿಲ್ಲ. ಅರ್ಜಿದಾರರಿಗೆ ತಿಳಿಹೇಳಿ ಕಳಿಸಲಾಗಿದೆ.' ತಿಳಿಹೇಳಿದ್ದು ಏನೆಂದು ಈಗ ನೆನಪಾಯಿತು. ನೋಡಿದರೆ ಏನು ಕಳೆದುಹೋಯಿತು, ಗೋಡೆ ಕಟ್ಟಿಸುವುದು ಪೊಲೀಸರ ಕೆಲಸವೇ ಎಂದು ನಕ್ಕಿದ್ದರು. ಪಕ್ಕದಲ್ಲಿದ್ದ ಪೇದೆಗಳೂ ನಕ್ಕಿದ್ದರು.

ಅವರು ಆ ಕಾಗದವನ್ನು ಎಸ್.ಐ. ಮುಂದಿಟ್ಟರು. ನಾಗರಾಜು ಎರಡು ಸಲ ಓದಿದರು.

"ಆ ಮಗಳು ಈಗ ಎಲ್ಲಿದ್ದಾಳೆ ರೈಟ್ರೇ?"

"ಗೊತ್ತಿಲ್ಲ ಸಾರ್," ಅಂದರು ತಮ್ಮಯ್ಯ.

ಇಪ್ಪತ್ತನೇ ತಾರೀಖು ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಪಾಂಡವಪುರದ ಆ ಸ್ಟುಡಿಯೋದ ಮುಂದೆ ಜೀಪು ನಿಂತಿತು. ಚಲುವಯ್ಯ ಒಬ್ಬ ಮುದುಕನ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಕತ್ತರಿಸುತ್ತಿದ್ದ. ಐವತ್ತನಾಲ್ಕರ ವಯಸ್ಸಿಗೆ ಎಪ್ಪತ್ತರವನಂತೆ ಕಾಣುತ್ತಿದ್ದ. ಖಾಕಿ ನೋಡಿ ಕತ್ತರಿ ಕೆಳಗಿಟ್ಟು ಎದ್ದು ನಿಂತ.

"ಆ ಹೆಣ್ಮಗ ಬದ್ಕವ್ಳಾ ಸಾಮಿ?"

ಯಾವ ಹೆಣ್ಣುಮಗಳು ಎಂದು ಇಬ್ಬರೂ ಕೇಳಲಿಲ್ಲ. ಬದುಕಿದ್ದಾಳೆ ಅಂದರು ತಮ್ಮಯ್ಯ. ಅವನು ಸ್ಟೂಲಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತ. ಇಷ್ಟಕ್ಕೆ ಅಳುವ ಆರೋಪಿಯನ್ನು ನಾಗರಾಜು ನೋಡಿರಲಿಲ್ಲ.

ಕಾಗದವನ್ನು ಒಡೆದದ್ದು ಮಾವ ಎಂದು ಕೇಳಿ ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. "ಗಂಡಂಗೇ ಬರ್ದಿದ್ದು ಸಾಮಿ. ಹೆಸ್ರು ಯೋಳ್ನಿಲ್ಲ ಆ ಮಗ, ಅದ್ಕೇ ಯಜಮಾನ್ರಿಗೆ ಅಂತ ಬರ್ದೆ. ನಮ್ಮನೇಲಿ ಗಂಡನೂ ನಾನೇ, ಯಜಮಾನನೂ ನಾನೇ. ಬ್ಯಾರೆ ಯಾರ್ ಕೈಗೋ ಓಯ್ತದೆ ಅಂತ ಒಳೀಲೇ ಇಲ್ಲ."

ಮಿಕ್ಕದ್ದನ್ನು ಅವನು ನಿಧಾನವಾಗಿ ಹೇಳಿದ. ಮಗಳನ್ನು ಚಿನ್ನು ಎಂದು ಕರೆಯುತ್ತಿದ್ದರು. ನಾಗಮಂಗಲಕ್ಕೆ ಕೊಟ್ಟಿತ್ತು. ಲಾಡ್ಜು ಚೆನ್ನಾಗಿದೆ, ಒಂದು ದಿನ ಹಾಯಾಗಿ ಇದ್ದು ಬನ್ನಿ ಎಂದು ಕಳಿಸಿದವನು ತಾನೇ. ಪಕ್ಕದ ಕ್ಯಾಬಿನ್ನಿನಲ್ಲಿದ್ದವರಲ್ಲಿ ಒಬ್ಬ ಅಳಿಯನ ಬೀದಿಯವನು. ಅವನು ಕಂಡದ್ದನ್ನು ಬಣ್ಣ ಕಟ್ಟಿ ಹೇಳಿಕೊಂಡು ತಿರುಗಿದ. ಗಂಡನ ಜೊತೆಗಿದ್ದವಳ ತಪ್ಪೇನು ಎಂದು ಒಬ್ಬರೂ ಕೇಳಲಿಲ್ಲ. ಅವಳು ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ತವರಿಗೆ ಬಂದಳು. ಅಪ್ಪ ಠಾಣೆಗೆ ಹೋಗಿ ಬಂದ ದಿನ, ಪೊಲೀಸರು ಏನಂದರು ಎಂದು ಕೇಳಿದಳು. ಏನೂ ಅಪರಾಧ ಆಗಿಲ್ಲವಂತೆ ಎಂದ. ಅದಾದ ಹದಿನೇಳನೆಯ ದಿನ ಬಾವಿಗೆ ಬಿದ್ದಳು.

ಆಮೇಲೂ ಅವನು ಲಾಡ್ಜಿನ ಕೆಲಸ ಬಿಡಲಿಲ್ಲ. ಬಂದ ಜೋಡಿಗಳಿಗೆಲ್ಲ, ಬಾಲ್ಕನಿ ಕಾಣುತ್ತದೆ, ಹುಷಾರು ಎಂದು ಹೇಳುತ್ತಿದ್ದ. ಅವರು ನಕ್ಕು ಹೋಗುತ್ತಿದ್ದರು. ಕಣ್ಣಾರೆ ತೋರಿಸಿದರೆ ನಂಬುತ್ತಾರೆ, ಗಂಡಂದಿರು ಊರಲ್ಲಿ ಹೇಳುತ್ತಾರೆ, ಜನ ಬರುವುದು ನಿಲ್ಲುತ್ತದೆ ಎಂದುಕೊಂಡ. ಮೂವರಿಗೆ ಕಳಿಸಿದ್ದ. ಅವರು ಹರಿದು ಹಾಕಿ ಸುಮ್ಮನಾಗಿರಬೇಕು. ಪ್ರಮೀಳೆಯದು ನಾಲ್ಕನೆಯದು.

ಕತ್ತಲೆ ಕೋಣೆಯ ನೆಗೆಟಿವ್‌ಗಳನ್ನು 'ಫೋಟೋ ಸಂಬಂಧಿತ ವಸ್ತು' ಎಂದಷ್ಟೇ ಬರೆದು ಲಕೋಟೆಗೆ ಹಾಕಿ ಅರಗು ಒತ್ತಿದರು. ಪಂಚರಾಗಿ ಬಂದಿದ್ದ ದಾಸಯ್ಯ, ಒಳಗೆ ಏನಿದೆಯೆಂದು ನೋಡದೆ ಹೇಗೆ ರುಜು ಹಾಕಲಿ ಎಂದು ತಕರಾರು ತೆಗೆದ. ಸುಮ್ಮನೆ ಹಾಕಯ್ಯ ಎಂದು ತಮ್ಮಯ್ಯ ಗದರಿದರು. ಕೋರ್ಟಿನಲ್ಲಿ ಅರಗು ಒಡೆಯುತ್ತಾರೆಂದು ಅವರಿಗೆ ಗೊತ್ತಿತ್ತು. ತನ್ನ ಕೈಯಲ್ಲಿದ್ದದ್ದು ಅಷ್ಟೇ.

ಮಧ್ಯಾಹ್ನ ಠಾಣೆಗೆ ಬಂದಾಗ ಮಂಚಮ್ಮ ಅಕ್ಕಿಹೆಬ್ಬಾಳಿನ ಸುದ್ದಿ ಹೇಳಿದಳು. ಹಿಂದಿನ ಸಂಜೆ ಎಸ್.ಐ. ಖುದ್ದಾಗಿ ಕೂರಿಸಿ ಹೇಳಿದ ಮೇಲೆ ದಿಲೀಪ ಅಪ್ಪನ ಮುಂದೆ ಬಾಯಿ ಬಿಟ್ಟಿದ್ದ. ರಂಗಸ್ವಾಮಿ ಬೈಯಲಿಲ್ಲ, ಹೊಡೆಯಲಿಲ್ಲ. 'ಎಂಡ್ತಿ ಕಾಲಿಡ್ಕೊಂಡಿದ್ದೆ ಅನ್ನಕೆ ನಾಚ್ಕೊಂಡು ಅವ್ಳ ಮಾನ ಕಳುದ್ಬುಟ್ಯಲ್ಲೋ' ಎಂದು, ಬೆಳಿಗ್ಗೆ ಮೊದಲ ಬಸ್ಸಿಗೆ ತಾವೇ ಅಕ್ಕಿಹೆಬ್ಬಾಳಿಗೆ ಹೋಗಿ ಸೊಸೆಯ ಎದುರು ಕೈ ಮುಗಿದಿದ್ದರು. ಅವಳು ಮಾವನಿಗೆ ಕಾಲು ತೊಳೆಯಲು ನೀರು ಕೊಟ್ಟಳು, ಊಟಕ್ಕಿಟ್ಟಳು. ಜೊತೆಗೆ ಬರಲಿಲ್ಲ. ಬಾಗಿಲ ಆಚೆ ನಿಂತಿದ್ದ ಗಂಡನ ಕಡೆ ತಿರುಗಿಯೂ ನೋಡಲಿಲ್ಲವಂತೆ.

ನಾಲ್ಕು ಗಂಟೆಗೆ ಎಸ್.ಐ. ದಸ್ತಗಿರಿಯ ಕಾಗದ ಬರೆಸಲು ಕೂತರು. ಕಾನೂನಿನ ಪುಸ್ತಕ ತೆಗೆದು, ಐನೂರ ಒಂಬತ್ತನೇ ಕಲಂ ಎಂದು ಓದಿ ಹೇಳಿದರು. ಹೆಂಗಸಿನ ಮರ್ಯಾದೆಗೆ ಕುಂದು ತರುವ ಉದ್ದೇಶದಿಂದ ಮಾತಾಡುವುದು, ಸನ್ನೆ ಮಾಡುವುದು, ಅಥವಾ ಅವಳ ಏಕಾಂತದೊಳಗೆ ನುಗ್ಗುವುದು. ಉದ್ದೇಶ ಇತ್ತೋ ಇಲ್ಲವೋ ಕೋರ್ಟು ನೋಡಿಕೊಳ್ಳಲಿ ಎಂದರು. 'ಏಕಾಂತ' ಎಂಬಲ್ಲಿಗೆ ತಮ್ಮಯ್ಯನವರ ಪೆನ್ನು ನಿಂತಿತು.

ಬೆಂಚಿನ ಮೇಲೆ ಕೂತಿದ್ದ ಚಲುವಯ್ಯ ಕೇಳಿದ: "ಇದು ಹೊಸ್ದಾಗ್ ಬಂದಿರೋ ಕಾನೂನಾ ಸಾಮಿ?"

ಹೌದು ಅಂದುಬಿಡಬಹುದಿತ್ತು. ಅವನು ನಂಬುತ್ತಿದ್ದ.

"ಇಲ್ಲ. ಬ್ರಿಟಿಷ್ರ ಕಾಲದ್ದು."

"ನಾನ್ ಬಂದಾಗ್ಲೂ ಇತ್ತಾ?"

"ಇತ್ತು ಕಣಪ್ಪ," ಅಂದರು ತಮ್ಮಯ್ಯ.

ಚಲುವಯ್ಯ ಅವರನ್ನೇ ನೋಡಿದ. ಅಂದು ನಕ್ಕ ಮುಖ ಇದೇ ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತೋ, ಈಗ ಗೊತ್ತಾಯಿತೋ. ಬೈಯಲಿಲ್ಲ. "ಅದೊಂದ್ ಮಾತು ಅವತ್ತು ಸಿಕ್ಕಿದ್ರೆ ಮಗಿಗೆ ಯೋಳ್ತಿದ್ದೆ," ಎಂದು, ರುಜು ಹಾಕಲು ಪೆನ್ನಿಗೆ ಕೈ ಚಾಚಿದ.

ಕೇಸ್ ಡೈರಿಯನ್ನು ಎಸ್.ಐ. ಹೇಳಿದಂತೆ ತಮ್ಮಯ್ಯ ಬರೆದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ನಾಗರಾಜು ಹೇಳಿದ್ದು ಒಂದೇ ವಾಕ್ಯ, ಮಗಳ ಸಾವಿನಿಂದ ಮನನೊಂದು. ತಮ್ಮಯ್ಯ ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿದರು. ಆರೋಪಿಯು 1995ರ ಆಗಸ್ಟಿನಲ್ಲಿ ಇದೇ ಠಾಣೆಗೆ ಅರ್ಜಿ ಕೊಟ್ಟಿದ್ದು, ಇದೇ ಕಲಮಿನಡಿ ದಾಖಲಿಸಬೇಕಾಗಿದ್ದ ಅದನ್ನು ಠಾಣಾ ರೈಟರ್ ತಮ್ಮಯ್ಯ ಎಂಬುವರು ಅಪರಾಧವಲ್ಲವೆಂದು ಬರೆದು ಮುಗಿಸಿರುತ್ತಾರೆ.

ಎಸ್.ಐ. ಓದಿ ತಲೆಯೆತ್ತಿದರು. "ಮೇಲಿನವರು ಓದುತ್ತಾರೆ ರೈಟ್ರೇ. ಇದನ್ನ ಬರೀಬೇಕಾಗಿರಲಿಲ್ಲ."

"ಬರ್ದಾಯ್ತು ಸಾರ್," ಅಂದರು ತಮ್ಮಯ್ಯ. "ರುಜು ಹಾಕಿ."